ಮುಡಿಪಿನ ಕಾರ್ಡು

ಮರದ ತುದಿ ಮುಟ್ಟಿದ ಕುಷ್ಟ ಇನ್ನೂ ಕೂಗಿರಲಿಲ್ಲ. ಕೆಳಗೆ ಹೆಡಿಗೆ ಹಿಡಿದು ನಿಂತಿದ್ದ ಸರೋಜ ಕತ್ತು ಎತ್ತಿ ಎತ್ತಿ ನೋಡಿದಳು. ಗರಿಗಳ ಸಂದಿಯಲ್ಲಿ ಅವನ ಒಂದು ಕಾಲು ಮಾತ್ರ ಕಾಣುತ್ತಿತ್ತು, ಅದು ಅಲುಗುತ್ತಿರಲಿಲ್ಲ.

ತೆಂಗಿನಕಾಯಿ ಕೀಳುವ ಕೆಲಸದಲ್ಲಿ ಕುಷ್ಟ ಬಿಡದೆ ಪಾಲಿಸಿಕೊಂಡು ಬಂದ ಒಂದು ಕ್ರಮ ಇದೆ. ಮರದ ತುದಿಯ ಮಂಡೆ ಹತ್ತಿ ಕೂತವನು ಕತ್ತಿಗೆ ಕೈ ಹಾಕುವ ಮೊದಲು "ಬದಿಗ್ ಹೋಯ್ನಿ" ಎಂದು ಹೊಳೆಯಾಚೆಗೂ ಕೇಳುವ ಹಾಗೆ ಒಂದು ಕೂಗು ಹಾಕುತ್ತಾನೆ. ಕೆಳಗೆ ಹೆಂಡತಿಯನ್ನು ಬಿಟ್ಟು ಒಂದು ಕೋಳಿಯೂ ಇಲ್ಲದಿದ್ದರೂ ಕೂಗುತ್ತಾನೆ. ಅವಳು ಓಗೊಟ್ಟು ಸರಿದು ನಿಂತ ಮೇಲೆಯೇ ಮೊದಲ ಕಾಯಿ ನೆಲಕ್ಕೆ ಬೀಳುವುದು. ಮದುವೆಯಾಗಿ ಬಾರ್ಕೂರಿಗೆ ಬಂದ ಲಾಗಾಯ್ತು ಅವನು ಕಿತ್ತದ್ದನ್ನು ಹೆಕ್ಕಿ ರಾಶಿ ಹಾಕುತ್ತ, ಬಿದ್ದ ಮಡಲಿನ ಗರಿಯ ಕಡ್ಡಿ ಸೀಳಿ ಗುಡಿಸುವ ಹಿಡಿಸೂಡಿ ಕಟ್ಟಿ ಬ್ರಹ್ಮಾವರದ ಸಂತೆಯಲ್ಲಿ ಮಾರುತ್ತ ಬಂದವಳು ಸರೋಜ. ಗಂಡನಿಗೆ ಹಸಿವಾಗಿದೆಯೋ, ಸಿಟ್ಟು ಬಂದಿದೆಯೋ, ಮೈ ಕಾದಿದೆಯೋ ಎಲ್ಲವೂ ಅವಳಿಗೆ ಆ ಕೂಗಿನಲ್ಲೇ ಗೊತ್ತಾಗುತ್ತದೆ.

ಈ ವರ್ಷ ಚೌತಿ ಕಳೆದ ಮೇಲೆ ಹತ್ತಿ ಮುಗಿಸುವುದಕ್ಕೂ ಕೂಗುವುದಕ್ಕೂ ನಡುವೆ ಒಂದು ಸಂದು ಬಿದ್ದಿತ್ತು. ಮೊದಮೊದಲು ಒಂದು ಉಸಿರು ಎಳೆದು ಬಿಡುವಷ್ಟು. ಬರಬರುತ್ತ ಅದು ಉದ್ದವಾಯಿತು. ಇವತ್ತಂತೂ ಎಷ್ಟು ಹೊತ್ತಾಯಿತೆಂದರೆ, ಅಂಗಳದಲ್ಲಿ ಬಟ್ಟೆ ಒಣಗಹಾಕುತ್ತಿದ್ದ ಮನೆಯೊಡತಿಯೂ ಕೈ ನಿಲ್ಲಿಸಿ ಮೇಲೆ ನೋಡಿದಳು. ಸರೋಜಳಿಗೆ ಕರೆಯೋಣವೆಂದರೆ, ಬೆಚ್ಚಿ ಬಿದ್ದು ಕೈ ಬಿಟ್ಟರೆ ಎಂಬ ಹೆದರಿಕೆ. ಕರೆಯದಿದ್ದರೆ, ಅಲ್ಲೇ ಏನಾಗುತ್ತಿದೆಯೋ ಎಂಬ ಹೆದರಿಕೆ.

ಕೊನೆಗೂ ಕೂಗು ಬಂತು. ಹೊಳೆಯಾಚೆ ಹೋಗಲಿ, ಮರದ ಬುಡಕ್ಕೇ ಸರಿಯಾಗಿ ಮುಟ್ಟಲಿಲ್ಲ.

ಇಳಿದು ಬಂದವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಳಿ ತಂಪಾಗಿ ಬೀಸುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ಎಡ ಭುಜವನ್ನು ಬಲಗೈಯಲ್ಲಿ ತಿಕ್ಕುತ್ತ, ಬೆಳಿಗ್ಗೆ ತಿಂದ ಅವಲಕ್ಕಿ ಹೆಚ್ಚಾಯಿತೆಂದೂ ಬರೀ ಪಿತ್ತವೆಂದೂ ಹೇಳಿ ಮುಂದಿನ ಮರದ ಕಡೆ ನೋಡಿದ. ಸರೋಜ ಅವನ ಸೊಂಟದ ಕತ್ತಿಯನ್ನು ತಾನೇ ಎಳೆದು ತೆಗೆದು ಹೆಡಿಗೆಗೆ ಹಾಕಿಕೊಂಡಳು. ಇವತ್ತಿಗೆ ಸಾಕು ಎಂದಳು. ಕುಷ್ಟ ಜಗಳ ಆಡಲಿಲ್ಲ. ಆಡದೆ ಇದ್ದದ್ದಕ್ಕೇ ಅವಳಿಗೆ ಇನ್ನಷ್ಟು ದಿಗಿಲಾಯಿತು.

ಈ ಕುಷ್ಟನ ಧೈರ್ಯದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಗಾಳಿಗೆ ತೂಗುವ ಮಂಡೆಯಲ್ಲಿ ಕೂತು ಬೀಡಿ ಹಚ್ಚುವ ಗಂಡಸು, ಆಸ್ಪತ್ರೆಯ ಗೇಟು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಅದಕ್ಕೆ ಕಾರಣವೂ ಇತ್ತು. ಅವನ ಅಣ್ಣ ಚಂದ್ರನಿಗೆ ಬಂದ ಕಾಯಿಲೆ ಮೊದಲು ಮನೆಯ ಗದ್ದೆಯನ್ನು ತಿಂದಿತು, ಗದ್ದೆ ಮುಗಿದ ಮೇಲೆ ಚಂದ್ರನನ್ನೇ ತಿಂದಿತು. ಅದನ್ನು ಹತ್ತಿರದಿಂದ ಕಂಡ ಕುಷ್ಟನಿಗೆ ಮುಂದೆ ಕೆಮ್ಮು ಬಂದರೂ ಅದೇ ಕಾಯಿಲೆಯ ಹೆದರಿಕೆ, ಹೊಟ್ಟೆ ಉಬ್ಬರಿಸಿದರೂ ಅದೇ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ತನ್ನ ನಾಡಿಯನ್ನು ತಾನೇ ಹಿಡಿದು ನೋಡುವನು. ಊಟ ಸೇರದು. ಬೆಳಗಾದರೆ ಬೆನ್ನು ನೋವು. ಆದರೆ ಯಾರಾದರೂ ಹೇಗಿದ್ದೀಯ ಎಂದು ಕೇಳಿದರೆ ಬಾಯಿಂದ ಬರುವುದು ಒಂದೇ: "ಅಡ್ಡಿಲ್ಲೆ." ನಮ್ಮ ಕುಂದಾಪುರದ ಕಡೆಯ ಜನರ ಈ ಅಡ್ಡಿಲ್ಲೆಗೆ ಮದ್ದಿಲ್ಲ. ಮದುವೆ ಮನೆಯ ಪಾಯಸಕ್ಕೂ ಅಡ್ಡಿಲ್ಲೆ, ಸಾವಿನ ಮನೆಯ ದುಃಖಕ್ಕೂ ಅಡ್ಡಿಲ್ಲೆ. ಚಂದ್ರನೂ ಕೊನೆಯ ವಾರದವರೆಗೆ ಅಡ್ಡಿಲ್ಲೆ ಎನ್ನುತ್ತಲೇ ಇದ್ದ.

ಆ ಊರಿನ ಆಶಾ ಕಾರ್ಯಕರ್ತೆ ಉಮಾವತಿ ಓಡಾಡಿ, ರೇಷನ್ ಕಾರ್ಡಿನಲ್ಲಿ ತಪ್ಪಿದ್ದ ಹೆಸರು ಸರಿ ಮಾಡಿಸಿ, ಕಳೆದ ವರ್ಷ ಗಂಡ ಹೆಂಡತಿ ಇಬ್ಬರಿಗೂ ನಡೆಯುವ ಸರಕಾರದ ಆರೋಗ್ಯ ಕಾರ್ಡು ತೆಗೆಸಿಕೊಟ್ಟಳು. ದೊಡ್ಡ ಕಾಯಿಲೆ ಬಂದರೆ ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಬೇಕಾದರೆ ದೊಡ್ಡ ಆಸ್ಪತ್ರೆಗೆ ಬರೆಸಿಕೊಂಡು ಹೋದರಾಯಿತು, ಗದ್ದೆ ಮಾರುವ ಕಾಲ ಹೋಯಿತು ಎಂದು ಬಿಡಿಸಿ ಹೇಳಿದಳು. ಕುಷ್ಟ ಕೈ ತೊಳೆದು ಬಂದು ಆ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದರಲ್ಲಿದ್ದ ತನ್ನ ಫೋಟೋವನ್ನು ಬಹಳ ಹೊತ್ತು ನೋಡಿದ.

ಆಮೇಲೆ ಅವನು ಮಾಡಿದ ಕೆಲಸ ನಮ್ಮ ಕಡೆಯವರಿಗಲ್ಲದೆ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಕಾರ್ಡನ್ನು ಮುಡಿಪು ಕಟ್ಟಿದ. ಹಳದಿ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ, ನಾಲ್ಕು ಅಕ್ಕಿಕಾಳು, ನಡುವೆ ಸರಕಾರದ ಕಾರ್ಡು. ಗಂಟು ಬಿಗಿದು ದೇವರ ಗೂಡಿನಲ್ಲಿಟ್ಟು, ಕೊಲ್ಲೂರು ಮೂಕಾಂಬಿಕೆಗೆ ಹೇಳಿಕೊಂಡ: ಅಮ್ಮಾ, ಈ ಕಾರ್ಡು ಕೆಲಸಕ್ಕೆ ಬಾರದ ಹಾಗೆ ಕಾಪಾಡು, ವರ್ಷ ಸುಖವಾಗಿ ಕಳೆದರೆ ನಿನ್ನ ಗುಡಿಯ ನಡೆಯಲ್ಲೇ ಬಂದು ಗಂಟು ಬಿಚ್ಚುತ್ತೇನೆ. ಮುಡಿಪು ಅಂದ ಮೇಲೆ ಮುಗಿಯಿತು. ಅದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ, ಹರಕೆ ಹೇಳಿದ ದೇವರ ಎದುರೇ ಬಿಚ್ಚಬೇಕು.

ಆಶ್ಚರ್ಯವೆಂದರೆ ಕುಷ್ಟ ಗುಣವಾದ. ಒಂದು ಮಾತ್ರೆ ನುಂಗಲಿಲ್ಲ, ಒಬ್ಬ ಡಾಕ್ಟರ ಮುಖ ನೋಡಲಿಲ್ಲ. ಆದರೂ ತಲೆಯಿಟ್ಟ ಕೂಡಲೇ ನಿದ್ದೆ ಬರತೊಡಗಿತು. ಕುಚ್ಚಿಗೆ ಅಕ್ಕಿಯ ಗಂಜಿಯನ್ನು ಎರಡನೇ ಸಲ ಹಾಕಿಸಿಕೊಂಡ. ಬೆನ್ನು ನೋವು ಎಲ್ಲಿ ಹೋಯಿತೋ ಅವನಿಗೇ ತಿಳಿಯದು. ಹೆದರಿಕೆಯೂ ಒಂದು ಕಾಯಿಲೆಯೇ; ಅದು ವಾಸಿಯಾದದ್ದು ಸುಳ್ಳಲ್ಲ. ಉಮಾವತಿ ಮೊಬೈಲು ಹಿಡಿದು ಮನೆಮನೆಯ ಆರೋಗ್ಯ ವಿಚಾರಿಸುತ್ತ ಬಂದಾಗ, ನಿಮ್ಮ ಆರೋಗ್ಯ ಉತ್ತಮವೋ ಸಾಧಾರಣವೋ ಕಳಪೆಯೋ ಎಂಬ ಪ್ರಶ್ನೆಗೆ ಎದೆ ತಟ್ಟಿಕೊಂಡು ಉತ್ತರ ಕೊಟ್ಟ.

"ಲಾಯ್ಕಿತ್ತ್ ಅಂತ ಬರೀನಿ ಉಮಾವತಿ. ಗಟ್ಟಿಮುಟ್ಟ್ ಇದ್ದೆ."

ಉಮಾವತಿ ನಕ್ಕು ಉತ್ತಮ ಎಂದು ಒತ್ತಿದಳು. ಕಾರ್ಡು ಬಂದ ಮನೆಗಳಲ್ಲೆಲ್ಲ ಹೀಗೇ, ಆಸ್ಪತ್ರೆಗೆ ಕಾಲಿಡದಿದ್ದರೂ ಜನರ ಉತ್ತರ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ ಎಂದಳು. ಆ ಮೊಬೈಲಿನಲ್ಲಿ ಒಂದು ಮನೆಗೆ ಒಬ್ಬರ ಉತ್ತರಕ್ಕಷ್ಟೇ ಜಾಗ. ಸರೋಜ ಒಳಗೆ ಚಾ ಕುದಿಸುತ್ತಿದ್ದಳು.

ಸರೋಜಳಿಗೆ ಆದದ್ದು ಇದರ ಉಲ್ಟಾ. ಗಂಡ ಇಳಿಸಿದ ಹೆದರಿಕೆಯ ಹೊರೆ ಸೀದಾ ಅವಳ ತಲೆಯ ಮೇಲೆ ಬಂದು ಕೂತಿತು. ಮೈಯಲ್ಲಿ ಹುರುಪು ಬಂದ ಕುಷ್ಟ ತಾನು ಬಿಟ್ಟಿದ್ದ ಹಳೆಯ ಎತ್ತರದ ಮರಗಳನ್ನೆಲ್ಲ ಮತ್ತೆ ಒಪ್ಪಿಕೊಂಡ. ಹೊಳೆಬದಿಯ ಬಾಗಿದ ಮರಗಳನ್ನೂ ಬಿಡಲಿಲ್ಲ. ಏನಾದರೂ ಆಗಿಬಿಟ್ಟರೆ ಎಂದು ಅವಳು ಬಾಯಿ ತೆರೆದರೆ, ಮುಡಿಪು ಇದೆಯಲ್ಲ ಎನ್ನುವನು. ಅವಳ ತಲೆಯಲ್ಲಿ ಮಾತ್ರ ಒಂದೇ ಯೋಚನೆ: ಇವರು ಯಾರದೋ ಹಿತ್ತಲಲ್ಲಿ ಬಿದ್ದು, ಯಾರೋ ರಿಕ್ಷಾಕ್ಕೆ ಹಾಕಿಕೊಂಡು ಓಡಿ, ಆಸ್ಪತ್ರೆಯವರು ಕಾರ್ಡು ಎಲ್ಲಿ ಎಂದು ಕೇಳಿದಾಗ, ಅದು ಬಾರ್ಕೂರಿನ ದೇವರ ಗೂಡಿನಲ್ಲಿ ಗಂಟಾಗಿ ಕೂತಿದ್ದರೆ? ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪಾಡು ತನಗೆ ಬರಬಾರದು. ಗಂಡ ಗೊರಕೆ ಹೊಡೆಯುತ್ತಿರುವಾಗ ಅವಳು ಕಣ್ಣು ಬಿಟ್ಟು ಮಾಡಿನ ಹೆಂಚು ನೋಡುತ್ತ ಮಲಗಿರುತ್ತಿದ್ದಳು.

ಚೌತಿಗೆ ಸ್ವಲ್ಪ ಮುಂಚೆ, ಸೋಣ ತಿಂಗಳಲ್ಲಿ ಹೊಸ್ತಿಲು ಪೂಜೆಗೆಂದು ದೇವರ ಗೂಡು ಒರೆಸುವಾಗ ಅವಳು ಅದನ್ನು ಮಾಡಿಬಿಟ್ಟಳು. ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲು ಓರೆ ಮಾಡಿ, ಮುಡಿಪನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ ಗಂಟು ಬಿಚ್ಚಿದಳು. ಕಾರ್ಡನ್ನು ತೆಗೆದು, ಬಿಸ್ಕೀಟಿನ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಒಳಗಿಟ್ಟು, ಅಕ್ಕಿಕಾಳು ಒಂದೂ ಚೆಲ್ಲದ ಹಾಗೆ ಮೊದಲಿನಂತೆಯೇ ಬಿಗಿದಳು. ಹಿಡಿಸೂಡಿ ಕಟ್ಟಿ ಕಟ್ಟಿ ಪಳಗಿದ ಕೈ, ಗಂಟು ನೋಡಿದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಡು ಅವಳ ಸೊಂಟದ ಎಲೆಯಡಿಕೆ ಚೀಲ ಸೇರಿತು. ತಪ್ಪಾಯಿತು ತಾಯಿ ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಅದಾಗಿ ಸ್ವಲ್ಪ ದಿನಕ್ಕೇ ಅವಳಿಗೆ ಕೂಗಿನ ಸಂದು ಕೇಳಿಸತೊಡಗಿದ್ದು.

ಈಗ ಹೇಳಿ, ಆ ಹೆಂಗಸು ಯಾರ ಹತ್ತಿರ ಬಾಯಿ ಬಿಡಬೇಕು? ತಾನು ಗಂಟು ಬಿಚ್ಚಿದ್ದಕ್ಕೇ ದೇವಿ ಮುನಿದಳೋ ಎಂಬ ಹುಳ ಹಗಲೂ ಇರುಳೂ ಕೊರೆಯುತ್ತಿತ್ತು. ಗಂಡನಿಗೆ ಹೇಳಿದರೆ, ಅವನ ಗಟ್ಟಿತನ ನಿಂತಿರುವುದೇ ಆ ಗಂಟಿನ ಮೇಲೆ. ಹೇಳದಿದ್ದರೆ, ಅದೇ ಗಂಟನ್ನು ನಂಬಿ ಅವನು ಇನ್ನೊಂದು ಮರ ಹತ್ತುತ್ತಾನೆ. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಕತ್ತಿ ಕಿತ್ತುಕೊಂಡ ಆ ದಿನ ಮಧ್ಯಾಹ್ನ, ಗಂಜಿ ಬಡಿಸಿ, ಅವನು ಎರಡು ತುತ್ತಿಗೇ ಕೈ ತೊಳೆದದ್ದನ್ನು ನೋಡಿ ಅವಳು ಮಾತು ತೆಗೆದಳು.

"ಹ್ವಾಯ್, ನಾಳೆ ಡಾಕ್ಟ್ರಿಗ್ ತೋರ್ಸ್ಕ್. ಕಾರ್ಡ್ ಇಪ್ಪುದ್ ಎಂತಕ್ಕೆ?"

ಕುಷ್ಟ ದೇವರ ಗೂಡಿನ ಕಡೆ ನೋಡಿದ. "ಮುಡಿಪ್ ಮನೆಯಲ್ಲ್ ಬಿಚ್ಚುಕಾಗ. ಮೊದ್ಲ್ ಕೊಲ್ಲೂರಿಗ್ ಹೋಯಿ ಅಮ್ಮನ್ ಎದ್ರ್ ಬಿಚ್ಚ್ಕಂಡ್ ಬಪ್ಪ. ಆಮೇಲೆ ನೀನ್ ಎಲ್ಲಿಗ್ ಕರ್ದ್ರೂ ಬತ್ತೆ."

ಇಷ್ಟು ವರ್ಷದಲ್ಲಿ ಅವನು ಆಸ್ಪತ್ರೆಗೆ ಬರುತ್ತೇನೆ ಎಂದದ್ದು ಅದೇ ಮೊದಲು. ಹಾಗೆಂದರೆ ನೋವು ಎಷ್ಟಿರಬೇಕು! ಸರೋಜ ಹಿತ್ತಲಿಗೆ ಹೋಗಿ ಉಮಾವತಿಗೆ ಫೋನು ಮಾಡಿದಳು. ಮರದ ಮೇಲೆ ಬೆವರುವುದು, ಎಡ ಭುಜ ತಿಕ್ಕುವುದು ಎಲ್ಲ ಹೇಳಿದಳು. ಮುಡಿಪು ಬಿಚ್ಚಿದ್ದನ್ನು ಮಾತ್ರ ಹೇಳಲಿಲ್ಲ. ಉಮಾವತಿಯ ದನಿ ಬದಲಾಯಿತು. ಅದು ಪಿತ್ತವಲ್ಲ ಸರೋಜಕ್ಕ, ಈಗಲೇ ಹೊರಡಿಸಿ, ಆಂಬುಲೆನ್ಸಿಗೆ ನಾನು ಹೇಳುತ್ತೇನೆ ಎಂದಳು. ಆಂಬುಲೆನ್ಸೇ ಎಂದು ಸರೋಜ ಗಟ್ಟಿಯಾಗಿ ಕೇಳಿದ್ದು ಕಿವಿಗೆ ಬಿದ್ದದ್ದೇ ಕುಷ್ಟ ಒಳಗಿನಿಂದ ಎದ್ದು ಬಂದು, ಗಾಡಿ ಅಂಗಳಕ್ಕೆ ಬಂದರೆ ತಾನು ಹೊಳೆ ದಾಟಿ ಹೋಗುತ್ತೇನೆ ಎಂದ. ಹೇಳಿದ್ದನ್ನು ಮಾಡುವ ಜಾತಿ. ಕೊನೆಗೆ ಉಮಾವತಿ, ಕುಂದಾಪುರದ ಸರಕಾರಿ ಆಸ್ಪತ್ರೆಯವರಿಗೆ ತಿಳಿಸಿಡುತ್ತೇನೆ, ಹೇಗಾದರೂ ಮಾಡಿ ಅಲ್ಲಿಗೆ ಮುಟ್ಟಿಸಿ ಎಂದಳು.

ಸರೋಜ ಲೆಕ್ಕ ಹಾಕಿದಳು. ಕೊಲ್ಲೂರಿನ ಬಸ್ಸು ಕುಂದಾಪುರದ ಮೇಲೆಯೇ ಹೋಗಬೇಕು. ಆಸ್ಪತ್ರೆಗೆಂದರೆ ಈ ಮನುಷ್ಯ ಮೆಟ್ಟಿಲು ಇಳಿಯುವುದಿಲ್ಲ, ಕೊಲ್ಲೂರಿಗೆಂದರೆ ಓಡಿ ಬರುತ್ತಾನೆ. ನಾಳೆಯವರೆಗೆ ಯಾಕೆ ಕಾಯುವುದು, ಈಗಲೇ ಹೋಗಿ ಸಂಜೆಯ ಪೂಜೆ ನೋಡಿ ಬರೋಣ ಎಂದಳು. ಕುಷ್ಟನ ಮುಖ ಅರಳಿತು. ಮುಡಿಪನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲಿಂದ ತಟ್ಟಿ ನೋಡಿಕೊಂಡ.

ಬಾರ್ಕೂರಿನಿಂದ ಬ್ರಹ್ಮಾವರಕ್ಕೆ ಬರುವಷ್ಟರಲ್ಲಿ ಅವನು ಎರಡು ಸಲ ಎದುರಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿದ. ಬ್ರಹ್ಮಾವರದಲ್ಲಿ ಇಳಿದಾಗ, ಇಲ್ಲಿಯೂ ಆಸ್ಪತ್ರೆ ಇದೆ, ಇಲ್ಲೇ ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಬಾಯಿ ತೆರೆದಳು. ಅವನು ಆಗಲೇ ಕೊಲ್ಲೂರಿನ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದ, ಹಬ್ಬಕ್ಕೆ ಹೊರಟವನ ಗೆಲುವಿನಲ್ಲಿ. ಅವಳು ಅವನ ಹಿಂದೆಯೇ ಬಸ್ಸು ಹತ್ತಿದಳು. ಕಂಡಕ್ಟರ್ ಬಂದಾಗ ಕುಷ್ಟನೇ ಕೊಲ್ಲೂರಿಗೆ ಎರಡು ಟಿಕೆಟು ಕೇಳಿದ.

ಹೆದ್ದಾರಿಯಲ್ಲಿ ಬಸ್ಸು ಓಡುತ್ತಿತ್ತು. ಸಾಲಿಗ್ರಾಮ ಹೋಯಿತು. ಕೋಟ ಬರುವಾಗ ಕುಷ್ಟ ಸೆಕೆ ಎಂದು ಅಂಗಿಯ ಗುಂಡಿ ಬಿಚ್ಚಿದ. ಕಿಟಕಿಯಿಂದ ಗಾಳಿ ಹೊಡೆಯುತ್ತಿದ್ದರೂ ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಸರೋಜ ಸೆರಗಿನಿಂದ ಒರೆಸಿದಳು, ಅದು ತಣ್ಣಗಿತ್ತು. ಸೊಂಟದ ಚೀಲದಲ್ಲಿ ಕಾರ್ಡಿನ ಅಂಚು ಅವಳ ಹೊಟ್ಟೆಗೆ ಒತ್ತುತ್ತಿತ್ತು. ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರೆ. ಇಲ್ಲಿ ಬೆಣ್ಣೆ ಹಿಡಿದವಳಿಗೆ ಗೊತ್ತು, ಅಲೆಯುತ್ತಿರುವವನಿಗೆ ಗೊತ್ತಿಲ್ಲ. ತೆಕ್ಕಟ್ಟೆಯಲ್ಲಿ ಹೆಂಗಸರ ಗುಂಪೊಂದು ನಿಧಾನವಾಗಿ ಹತ್ತಿತು. ಸರೋಜಳಿಗೆ ಆ ಗುರುತಿಲ್ಲದ ಹೆಂಗಸರ ಮೇಲೆಲ್ಲ ಸಿಟ್ಟು ಬಂತು. ಕುಂಭಾಶಿಯ ಗಣಪತಿಗೆ ಬಸ್ಸಿನಿಂದಲೇ ಕೈ ಮುಗಿದಳು. ಕುಂದಾಪುರದಲ್ಲಿ ತಪ್ಪಿದರೆ ಮುಂದೆ ಹೆಮ್ಮಾಡಿ, ವಂಡ್ಸೆ, ಆಮೇಲೆ ಕಾಡಿನ ದಾರಿ. ಅಲ್ಲಿ ಯಾರನ್ನು ಕರೆಯುವುದು?

ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಅರ್ಧ ಜನ ಇಳಿದರು, ಕೊಲ್ಲೂರಿಗೆ ಹೋಗುವ ಯಾತ್ರೆಯವರು ಚೀಲಗಳ ಸಮೇತ ಹತ್ತಿದರು. ಸರೋಜ ಎದ್ದು ನಿಂತು ಗಂಡನ ಕೈ ಹಿಡಿದಳು.

"ಬನಿ, ಇಲ್ಲಿ ಇಳ್ವ. ಆಸ್ಪತ್ರಿ ಇಲ್ಲೇ ಹತ್ರ."

ಕುಷ್ಟ ಕಣ್ಣು ತೆರೆದು, ಇದು ಕೊಲ್ಲೂರಲ್ಲವಲ್ಲ ಎಂಬಂತೆ ನೋಡಿದ. ಕೈ ಬಿಡಿಸಿಕೊಂಡ. ಗಂಟು ಬಿಚ್ಚದೆ ಆಸ್ಪತ್ರೆಗೆ ಹೋಗಿ ಏನು ತೋರಿಸುವುದು, ಅಮ್ಮನ ಹತ್ತಿರ ಆಡಿದ ಮಾತು ಮುರಿದರೆ ಮನೆಗೆ ಒಳ್ಳೆಯದಾಗುವುದಿಲ್ಲ, ಸುಮ್ಮನೆ ಕೂತುಕೋ ಎಂದ. ಮಾತು ಮುಗಿಸುವಷ್ಟರಲ್ಲಿ ಅವನಿಗೆ ಉಸಿರು ಸಾಲಲಿಲ್ಲ. ಕಂಡಕ್ಟರ್ ಹಿಂದಿನಿಂದ, ಇಳಿಯುವವರು ಇಳಿಯಿರಿ, ದಾರಿ ಬಿಡಿ ಎಂದ. ಡ್ರೈವರ್ ಸೀಟಿಗೆ ಬಂದು ಹಾರನ್ನು ಒತ್ತಿದ. ಬಸ್ಸು ನಡುಗಿ ಹೊರಟಿತು.

ಆಗ ಸರೋಜಳಿಗೆ ದೇವಿಯ ಸಿಟ್ಟೂ ಬೇಡವಾಯಿತು, ಗಂಡನ ಸಿಟ್ಟೂ ಬೇಡವಾಯಿತು. ಸೊಂಟದ ಚೀಲಕ್ಕೆ ಕೈ ಹಾಕಿ ಕಾರ್ಡನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. ಅಂಚಿಗೆ ಸುಣ್ಣ ಅಂಟಿತ್ತು. ಅದರಲ್ಲಿದ್ದ ಕುಷ್ಟನ ಫೋಟೋ ಕುಷ್ಟನನ್ನೇ ನೋಡುತ್ತಿತ್ತು.

"ಕಾರ್ಡ್ ಸೋಣದಿಂದ ನನ್ ಹತ್ರ ಇತ್ತ್. ನಾನೇ ಬಿಚ್ಚಿದ್ದ್. ಮುಡಿಪಿನೊಳ್ಗ್ ಇಪ್ಪುದ್ ಬರೀ ಬಿಸ್ಕೀಟಿನ್ ರಟ್ಟ್. ಪಾಪ ಇದ್ರೆ ನಂಗಿರ್ಲಿ, ನೀವ್ ಕೆಳ್ಗ್ ಬನಿ."

ಕುಷ್ಟ ಕಾರ್ಡನ್ನು ಮುಟ್ಟಲಿಲ್ಲ. ಜೇಬಿನಿಂದ ಮುಡಿಪನ್ನು ತೆಗೆದು, ಅಲ್ಲೇ, ಬಸ್ಸಿನ ಸೀಟಿನಲ್ಲೇ, ಗಂಟು ಬಿಚ್ಚಿದ. ಅಕ್ಕಿಕಾಳು ಪಂಚೆಯ ಮೇಲೆ ಚೆಲ್ಲಿತು. ರಟ್ಟಿನ ಒಂದು ಬದಿ ಬೂದು, ಇನ್ನೊಂದು ಬದಿಯಲ್ಲಿ ಬಿಸ್ಕೀಟಿನ ಅರ್ಧ ಚಿತ್ರ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಸರೋಜ ಹೊಡೆತಕ್ಕೆ ಕಾದವಳ ಹಾಗೆ ಭುಜ ಕುಗ್ಗಿಸಿ ನಿಂತಿದ್ದಳು. ಹೊಡೆತ ಬರಲಿಲ್ಲ, ಬೈಗುಳವೂ ಬರಲಿಲ್ಲ. ಇಷ್ಟು ದಿನ ಅವನನ್ನು ನೆಟ್ಟಗೆ ಕೂರಿಸಿದ್ದ ಯಾವುದೋ ಒಂದು ಸಡಿಲವಾದದ್ದು ಅವಳ ಕಣ್ಣಿಗೇ ಕಂಡಿತು. ಅವನ ಗಲ್ಲ ಎದೆಗೆ ತಾಗಿತು.

"ಸರೋಜ, ನಂಗೆ ಎದಿ ನೋವ್ ಇತ್ತ್. ಸುಮಾರ್ ದಿನ ಆಯ್ತ್. ಈಗ ತಡ್ಕಂಬುಕೆ ಆತಿಲ್ಲೆ."

ಸರೋಜ ಬಸ್ಸು ನಿಲ್ಲಿಸಿ ಎಂದು ಕೂಗಿದ ಕೂಗು, ಅವಳ ಗಂಡ ಮರದ ಮೇಲಿಂದ ಎಂದೂ ಕೂಗಿರಲಾರದಷ್ಟು ದೊಡ್ಡದಿತ್ತು. ಕಂಡಕ್ಟರ್ ಸೀಟಿ ಊದಿದ. ಯಾತ್ರೆಯವರಲ್ಲಿ ಇಬ್ಬರು ಗಂಡಸರು ಕುಷ್ಟನನ್ನು ಎತ್ತಿ ಇಳಿಸಿದರು. ಕಂಡಕ್ಟರೇ ಓಡಿ ರಿಕ್ಷಾ ಹಿಡಿದುಕೊಟ್ಟ. ಆಸ್ಪತ್ರೆಯ ಬಾಗಿಲಿನಲ್ಲಿ, ಉಮಾವತಿಯ ಫೋನು ಬಂದಿತ್ತು ಎಂದು ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಎದುರೇ ಬಂದಳು. ಎದೆಗೆ ವಯರು ಹಚ್ಚಿ ತೆಗೆದ ಪಟ್ಟಿಯನ್ನು ನೋಡಿದ ಡಾಕ್ಟರು ಕೂತು ಮಾತಾಡಲಿಲ್ಲ. ನಾಲಿಗೆಯ ಮೇಲೆ ಮಾತ್ರೆ ಇಡಿಸಿ, ಸೂಜಿ ಚುಚ್ಚಿ, ರಕ್ತನಾಳ ಕಟ್ಟಿದೆ, ಈ ಕ್ಷಣ ದೊಡ್ಡಾಸ್ಪತ್ರೆಗೆ ಹೊರಡಬೇಕು ಎಂದರು. ಯಾವ ಆಂಬುಲೆನ್ಸಿಗೆ ಹೆದರಿ ಕುಷ್ಟ ಹೊಳೆ ದಾಟುತ್ತೇನೆ ಎಂದಿದ್ದನೋ, ಅದರಲ್ಲೇ ಮಲಗಿ ಬಂದ ದಾರಿಯಲ್ಲೇ ಮರಳಿ ಹೋದ. ಕುಂಭಾಶಿ, ತೆಕ್ಕಟ್ಟೆ, ಕೋಟ ಎಲ್ಲ ಹಿಮ್ಮುಖವಾಗಿ ಕಳೆದವು. ಸರೋಜ ಅವನ ಕಾಲು ಹಿಡಿದುಕೊಂಡು ಕೂತಿದ್ದಳು. ಬಿಸಿ ಇದೆಯೋ ಇಲ್ಲವೋ ಎಂದು ಅಂಗಾಲು ಮುಟ್ಟಿ ಮುಟ್ಟಿ ನೋಡಿದಳು.

ದೊಡ್ಡಾಸ್ಪತ್ರೆಯ ಕೌಂಟರಿನ ಹುಡುಗಿ ಸುಣ್ಣ ಅಂಟಿದ ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಹೊಡೆದು, ಕಾರ್ಡನ್ನು ಮರಳಿ ಸರೋಜಳ ಕೈಗೇ ಕೊಟ್ಟಳು. ಇದನ್ನು ಮನೆಯಲ್ಲಿ ಮರೆತು ಬಂದಿದ್ದರೂ ಚಿಂತೆಯಿರಲಿಲ್ಲ ಅಮ್ಮಾ, ಮೊದಲು ಜೀವ ನೋಡುತ್ತೇವೆ, ಹೆಸರು ಆಮೇಲೆ ಹುಡುಕಿ ತೆಗೆಯುತ್ತೇವೆ ಎಂದಳು. ಸರೋಜಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಪ್ಲಾಸ್ಟಿಕ್ಕಿನ ತುಂಡಿಗೆ ದೇವಿಯನ್ನು ಎದುರು ಹಾಕಿಕೊಂಡಿದ್ದಳಲ್ಲ! ಬಾಗಿಲು ಮುಚ್ಚಿದ ಕೋಣೆಯ ಹೊರಗೆ ಗೋಡೆಗೆ ಒರಗಿ ಕೂತಳು. ಬದುಕಿದರೆ ಕೊಲ್ಲೂರಿಗೆ ಬರುತ್ತೇನೆ ಎಂದು ಹೇಳಿಕೊಳ್ಳಲು ಹೊರಟು, ಮತ್ತೆ ಯಾವ ಮಾತನ್ನೂ ಕೊಡಲು ಹೆದರಿ ಬರೀ ಅಮ್ಮಾ ಅಮ್ಮಾ ಎಂದಳು.

ಬಾಗಿಲು ತೆರೆಯಿತು. ನಾಳ ಬಿಡಿಸಿ ಸ್ಪ್ರಿಂಗಿನಂಥದ್ದೊಂದನ್ನು ಕೂರಿಸಿದ್ದೇವೆ, ಕೊಲ್ಲೂರಿಗೆ ಹೋಗಿದ್ದರೆ ವಂಡ್ಸೆ ದಾಟುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಸರೋಜ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಮರುದಿನ ಕುಷ್ಟನನ್ನು ಹೊರಗಿನ ವಾರ್ಡಿಗೆ ತಂದು ಮಲಗಿಸಿದರು. ಅವಳು ಕಿತ್ತಳೆ ಸುಲಿದು ಕೊಟ್ಟಳು, ತಿಂದ. ಅವನು ಏನೂ ಕೇಳದಿದ್ದದ್ದನ್ನು ತಾಳಲಾರದೆ ಅವಳೇ ಹೇಳಿದಳು. ತಾನು ಗಂಟು ಬಿಚ್ಚಿದ ಮೇಲೆಯೇ ಕೂಗು ತಡವಾಗತೊಡಗಿದ್ದು, ತನ್ನಿಂದಲೇ ಹೀಗಾಯಿತು, ತನ್ನ ಕೈಗೆ ಹುಳ ಬೀಳಲಿ ಎಂದಳು. ಕುಷ್ಟ ಅವಳ ಕಡೆ ತಿರುಗಿದ. ತಾವು ಕಾಯಿ ಕೀಳಲು ಹೋಗುತ್ತಿದ್ದ ದೇವುವಿನ ಹಿತ್ತಲಿನ ಎತ್ತರದ ಮರ ನೆನಪಿದೆಯಾ ಎಂದು ಕೇಳಿದ. ನೋವು ಮೊದಲು ಬಂದದ್ದು ಅದರ ಮೇಲೆ, ಆಸಾಡಿಯಲ್ಲಿ. ಅಂದರೆ ಸೋಣಕ್ಕೆ ಮೊದಲೇ, ಕಾರ್ಡು ಇನ್ನೂ ಗಂಟಿನೊಳಗೆ ಭದ್ರವಾಗಿ ಇದ್ದಾಗಲೇ. ಅವತ್ತು ಮುಚ್ಚಿಟ್ಟ, ಆಮೇಲೂ ಮುಚ್ಚಿಡುತ್ತ ಬಂದ. ಮುಡಿಪು ಕಟ್ಟಿದ ಮನೆಯಲ್ಲಿ ಕಾಯಿಲೆ ಬಂತೆಂದರೆ ಅಮ್ಮನ ಹೆಸರಿಗೆ ಕಡಿಮೆಯಲ್ಲವೇ ಎಂದು. ಉಮಾವತಿಗೆ ಎದೆ ತಟ್ಟಿ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ ಎಂದು.

ಸರೋಜ ಉಸಿರು ಬಿಟ್ಟಳು. ಎರಡು ತಿಂಗಳಿಂದ ಕೊರೆಯುತ್ತಿದ್ದ ಹುಳ ಆ ಉಸಿರಿನ ಜೊತೆಗೇ ಹೋಯಿತು.

"ಹಾಂಗಾರೆ ಸೋಣದಿಂದ ನಾನ್ ನಿದ್ರಿ ಮಾಡಿದ್ದ್ ಬಿಸ್ಕೀಟಿನ್ ರಟ್ಟ್ ನಂಬ್ಕಂಡ್" ಎಂದ ಕುಷ್ಟ. ಮತ್ತೆ ಕೇಳಿದ: "ಅಷ್ಟ್ ದಿನ ನಿಂಗೆ ನಿದ್ರಿ ಬಂತಾ?"

ಸರೋಜ ಕಿತ್ತಳೆಯ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿದಳು.

ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಇಬ್ಬರೂ ಕೊಲ್ಲೂರಿಗೆ ಹೋಗಿ ನಾಣ್ಯವನ್ನು ಹುಂಡಿಗೆ ಹಾಕಿ ಬಂದರು. ರಟ್ಟನ್ನು ಮಾತ್ರ ಕುಷ್ಟ ಮರಳಿ ತಂದು ದೇವರ ಗೂಡಿನಲ್ಲೇ ಇಟ್ಟ, ಅದರ ಋಣವೂ ಇದೆ ಎಂದು. ಕಾರ್ಡು ಈಗ ಬಾಗಿಲ ಬದಿಯ ಮೊಳೆಯಲ್ಲಿ, ಕೊಡೆಯ ಪಕ್ಕದಲ್ಲಿ ತೂಗುತ್ತದೆ. ಮರ ಹತ್ತುವುದು ಬಂದ್. ಜಗಲಿಯಲ್ಲಿ ಕೂತು ಹೆಂಡತಿಯ ಜೊತೆ ಮಡಲಿನ ಕಡ್ಡಿ ಸೀಳುತ್ತಾನೆ. ಅವನು ಕಟ್ಟಿದ ಹಿಡಿಸೂಡಿ ಎರಡು ಸಲ ಗುಡಿಸುವಷ್ಟರಲ್ಲಿ ಬಿಚ್ಚಿ ಹೋಗುತ್ತದೆ ಎಂದು ಅವಳು ಸಂತೆಗೆ ಹೊರಡುವ ಮೊದಲು ಎಲ್ಲವನ್ನೂ ಮತ್ತೆ ಬಿಗಿಯುತ್ತಾಳೆ.

ಉಮಾವತಿ ಮತ್ತೆ ಮೊಬೈಲು ಹಿಡಿದು ಬಂದಳು. ಅದೇ ಪ್ರಶ್ನೆ. ಕುಷ್ಟ ಎದೆ ತಟ್ಟಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಮಾತ್ರೆಯಿಂದ ಬಾಯಿ ಕಹಿ, ಸಾಧಾರಣ ಎಂದು ಬರೆಯಿರಿ ಎಂದ. ನಾಳ ಕಟ್ಟುತ್ತಿದ್ದಾಗ ಉತ್ತಮ, ನಾಳ ಬಿಡಿಸಿದ ಮೇಲೆ ಸಾಧಾರಣ! ಮೇಲೆ ಕೂತು ಇದನ್ನೆಲ್ಲ ಕೂಡಿಸುವವರಿಗೆ ಕುಷ್ಟಣ್ಣನ ಆರೋಗ್ಯ ಕೆಟ್ಟಿತೆಂದೇ ತೋರುತ್ತದೆ ಎಂದು ಉಮಾವತಿ ನಕ್ಕಳು. ಮೊಬೈಲು ಮುಚ್ಚುವ ಮೊದಲು, ಏನನ್ನಿಸಿತೋ, ಕಡ್ಡಿ ಸೀಳುತ್ತಿದ್ದ ಸರೋಜಳ ಕಡೆ ತಿರುಗಿ, ಸರೋಜಕ್ಕ, ನೀವು ಹೇಗಿದ್ದೀರಿ ಎಂದಳು.

ಸರೋಜ ತಲೆ ಎತ್ತದೆ ಬಾಯಿ ತೆರೆದಳು. ಯಾವ ಶಬ್ದ ಬರುತ್ತದೆಂದು ಕುಷ್ಟನಿಗೆ ಗೊತ್ತಿತ್ತು. ಅವನೇ ಅಡ್ಡ ಮಾತಾಡಿದ.

"ಅಡ್ಡಿಲ್ಲೆ ಅಂತ ಹೇಳ್ರೆ ಬರೀಬೇಡಿ ಉಮಾವತಿ. ಕಾರ್ಡ್ ಬಂದ್ ಮೇಲೆ ಸರೋಜಂಗೆ ನಿದ್ರಿ ಇಲ್ಲೆ. ನನ್ ಹೆದ್ರಿಕಿ ಎಲ್ಲ ಅದೇ ಹೊತ್ತ್ಕಂಡಿತ್ತ್."

ಸರೋಜ ಕತ್ತಿಯನ್ನು ಕೆಳಗಿಟ್ಟಳು. ಕೈಗೆ ಅಂಟಿದ ಮಡಲಿನ ಹಸಿರನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಆಡಿದ ಮಾತು ಅವಳ ಬಾಯಲ್ಲಿ ಹುಟ್ಟಿದ್ದು ಬಹುಶಃ ಜನ್ಮದಲ್ಲೇ ಮೊದಲು.

"ಹೌದ್ ಉಮಾವತಿ" ಎಂದಳು. "ನಂಗ್ ಹುಷಾರಿಲ್ಲೆ."

ಉಮಾವತಿಯ ಮೊಬೈಲಿನಲ್ಲಿ ಎರಡನೆಯವರ ಉತ್ತರಕ್ಕೆ ಜಾಗವಿರಲಿಲ್ಲ. ಅವಳು ಅದನ್ನು ಪಕ್ಕಕ್ಕಿಟ್ಟು, ಚೀಲದಿಂದ ಬಿ.ಪಿ. ನೋಡುವ ಪಟ್ಟಿಯನ್ನು ತೆಗೆದು, ಸರೋಜಳ ತೋಳಿಗೆ ಸುತ್ತತೊಡಗಿದಳು. ಕುಷ್ಟ ಎದ್ದು ಹೋಗಿ ಬಾಗಿಲ ಬದಿಯ ಮೊಳೆಯಿಂದ ಕಾರ್ಡನ್ನು ತೆಗೆದುಕೊಂಡು ಬಂದು ಹೆಂಡತಿಯ ಪಕ್ಕದಲ್ಲಿ ಕೂತ.